ಗಡಿ ಹಳ್ಳಿಗಳ ಇಟಲಿ ಗಾಡಿ: ಹಳೆಯ ಚೇತಕ್, ಪ್ರಿಯಾ ಸ್ಕೂಟರ್ ಉಳಿಸಿಕೊಳ್ಳುವುದು ಹೇಗೆ?

ಉಮರ್ಗಾ, ನಿಲಂಗಾ, ಉದಗೀರ: ಇಟಲಿಯ ದ್ವಿಚಕ್ರ ವಾಹನ ಎಂದರೆ ದೊಡ್ಡ ಪಟ್ಟಣಗಳ ರಸ್ತೆಯಲ್ಲಿ ಗುಡುಗುತ್ತ ಹೋಗುವ ಲಕ್ಷಾಂತರ ರೂಪಾಯಿಯ ಡುಕಾಟಿ ಬೈಕ್ ನೆನಪಾಗುತ್ತದೆ. ಆದರೆ ಮಹಾರಾಷ್ಟ್ರ-ಕರ್ನಾಟಕ ಗಡಿಯ ಹಳ್ಳಿಗಳಿಗೆ ಇಟಲಿಯ ಗಾಡಿ ಬಂದು ದಶಕಗಳೇ ಕಳೆದಿವೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರ್, ಹಿಂದೆ ಹೆಂಡತಿ, ಮುಂದೆ ನಿಂತ ಮಗು, ಎಲ್ಲವನ್ನೂ ಹೊತ್ತ ಬಜಾಜ್ ಚೇತಕ್, ಪ್ರಿಯಾ, ಸೂಪರ್ ಸ್ಕೂಟರ್‌ಗಳ ಮೂಲ ಇಟಲಿಯ ವೆಸ್ಪಾ. ಲ್ಯಾಂಬ್ರೆಟಾ ಮತ್ತು ವಿಜಯ್ ಸೂಪರ್‌ಗಳ ಮೂಲವೂ ಇಟಲಿಯೇ.

ಇಂಥ ಒಂದು ಸ್ಕೂಟರ್ ಹಲವರ ಮನೆಯ ಪಡಸಾಲೆಯಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಇನ್ನೂ ನಿಂತಿದೆ. ತಂದೆಯ ಕಾಲದ ಗಾಡಿ. ಭಂಗಾರಿನವನಿಗೆ ಕೊಡಲು ಮನಸ್ಸು ಬಾರದು, ಓಡಿಸಲು ಧೈರ್ಯ ಸಾಲದು. ಗಾಡಿಯನ್ನು ಉಳಿಸಿಕೊಳ್ಳಬಹುದೇ, ಉಳಿಸಿಕೊಂಡರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಎರಡು ಭಾಗದ ಉತ್ತರವಿದೆ. ಯಂತ್ರದ ಕೆಲಸ ಕಷ್ಟದ್ದಲ್ಲ, ಬಹುಪಾಲು ಮನೆಯಂಗಳದಲ್ಲೇ ಆಗುತ್ತದೆ. ಕಷ್ಟವಿರುವುದು ಕಾಗದಪತ್ರದಲ್ಲಿ. ಅದರಲ್ಲೂ ಎರಡು ರಾಜ್ಯಗಳ ನಡುವೆ ಓಡಾಡುವ ಗಡಿಯ ಜನರಿಗೆ ಈ ಕಷ್ಟ ಒಂದು ಕೈ ಹೆಚ್ಚು.

ಕಣಜದ ಹುಳು ಮತ್ತು ಜೇನು

ಎರಡನೇ ಮಹಾಯುದ್ಧದಲ್ಲಿ ಇಟಲಿಯ ಪೊಂಟೆಡೆರಾ ಊರಿನಲ್ಲಿದ್ದ ಪಿಯಾಜಿಯೊ ಕಂಪನಿಯ ವಿಮಾನ ಕಾರ್ಖಾನೆ ಬಾಂಬಿಗೆ ತುತ್ತಾಯಿತು. ಯುದ್ಧ ಮುಗಿದ ಮೇಲೆ ವಿಮಾನ ಕೊಳ್ಳುವವರಿರಲಿಲ್ಲ. ಕಡಿಮೆ ಬೆಲೆಯ ವಾಹನ ಮಾತ್ರ ಎಲ್ಲರಿಗೂ ಬೇಕಿತ್ತು. ವಿಮಾನದ ಇಂಜಿನಿಯರ್ ಕೊರಾಡಿನೊ ಡಸ್ಕಾನಿಯೊ 1946ರಲ್ಲಿ ವೆಸ್ಪಾ ರೂಪಿಸಿದರು. ಇಟಲಿಯ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜದ ಹುಳು. ಅದೇ ಕಂಪನಿಯ ಮೂರು ಚಕ್ರದ ಗಾಡಿಯ ಹೆಸರು ಆಪೆ, ಅಂದರೆ ಜೇನುಹುಳು. ಉದಗೀರ, ನಿಲಂಗಾ ಬಸ್ ನಿಲ್ದಾಣಗಳ ಎದುರು ಜನರನ್ನು ತುಂಬಿಕೊಳ್ಳುವ ಆಪೆ ರಿಕ್ಷಾದ ಹೆಸರು ಬಂದದ್ದು ಅಲ್ಲಿಂದಲೇ.

ಡಸ್ಕಾನಿಯೊ ಅವರಿಗೆ ಮೋಟಾರ್ ಸೈಕಲ್ ಎಂದರೆ ಅಷ್ಟಕ್ಕಷ್ಟೆ. ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ಕಷ್ಟ ಎಂಬುದು ಅವರ ತಕರಾರು. ಹಾಗಾಗಿ ಚೈನನ್ನೇ ಕೈಬಿಟ್ಟು ಇಂಜಿನ್ ಮತ್ತು ಗೇರನ್ನು ಹಿಂದಿನ ಚಕ್ರಕ್ಕೆ ನೇರ ಜೋಡಿಸಿದರು. ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಬದಿಯಿಂದ ಹಿಡಿದರು. ಗೇರನ್ನು ಎಡಗೈ ಹಿಡಿಗೆ ತಂದರು, ಕಾಲಿಗೆ ಕೆಸರು ಸಿಡಿಯದಂತೆ ತಗಡಿನ ಮರೆ ಕೊಟ್ಟರು. ಧೋತರ ಉಟ್ಟವರೂ ಇಳಕಲ್ ಸೀರೆ ಉಟ್ಟವರೂ ಈ ಗಾಡಿಯಲ್ಲಿ ಆರಾಮಾಗಿ ಕೂರಲು ಸಾಧ್ಯವಾದದ್ದು ಈ ರಚನೆಯಿಂದಲೇ.

ಮಹಾರಾಷ್ಟ್ರದಲ್ಲಿ ತಯಾರಾದ ಇಟಲಿ

ಬಜಾಜ್ ಸಂಸ್ಥೆ 1948ರಿಂದ ವಿದೇಶಿ ಸ್ಕೂಟರ್ ತರಿಸಿ ಮಾರುತ್ತಿತ್ತು. ಪಿಯಾಜಿಯೊ ಒಪ್ಪಂದದೊಂದಿಗೆ 1960ರ ದಶಕದಲ್ಲಿ ಪುಣೆ ಬಳಿಯ ಆಕುರ್ಡಿಯಲ್ಲಿ ತಾನೇ ತಯಾರಿಕೆ ನಡೆಸಿತು. 1971ರಲ್ಲಿ ಒಪ್ಪಂದ ಮುಗಿಯಿತು. ಅದೇ ಮೂಲದ ಗಾಡಿ 1972ರಲ್ಲಿ ಹೊಸ ಹೆಸರಿನಲ್ಲಿ ಹೊರಬಂತು. ಮಹಾರಾಣಾ ಪ್ರತಾಪನ ಕುದುರೆಯ ಹೆಸರು, ಚೇತಕ್. ಸಾತಾರಾದ ಮಹಾರಾಷ್ಟ್ರ ಸ್ಕೂಟರ್ಸ್ ಸಂಸ್ಥೆ 1975ರಲ್ಲಿ ಸ್ಥಾಪನೆಯಾಗಿ ಪ್ರಿಯಾ ಸ್ಕೂಟರ್ ತಯಾರಿಸಿತು. ಮರಾಠವಾಡಾದ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ ಸಮೀಪ ವಾಳೂಜಿನಲ್ಲಿ ಬಜಾಜ್ ಕಾರ್ಖಾನೆ ಆರಂಭವಾದದ್ದು 1985ರಲ್ಲಿ.

ಅಂದು ಸ್ಕೂಟರ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಎಷ್ಟು ಗಾಡಿ ತಯಾರಿಸಬೇಕು ಎಂಬುದಕ್ಕೂ ಸರಕಾರದ ಪರವಾನಗಿ ಬೇಕಿತ್ತು. ಹೆಸರು ನೋಂದಾಯಿಸಿ ವರ್ಷಗಟ್ಟಲೆ, ಕೆಲವರು ಹತ್ತು ವರ್ಷದವರೆಗೂ ಕಾದದ್ದುಂಟು. ಮನೆಯ ಹಿರಿಯರು ಹಳೆಯ ಗಾಡಿಯನ್ನು ಮಾರಲು ಒಪ್ಪದಿರಲು ಈ ಕಾಯುವಿಕೆಯೂ ಒಂದು ಕಾರಣ. 1989ರ 'ಹಮಾರಾ ಬಜಾಜ್' ಜಾಹೀರಾತು ಟಿವಿಯಲ್ಲಿ ಬಂದಾಗ ಗಾಡಿ ಆಗಲೇ ಮನೆಮಾತಾಗಿತ್ತು.

ಲ್ಯಾಂಬ್ರೆಟಾದ ಕಥೆ ಬೇರೆ. ಮಿಲಾನಿನ ಇನೊಸೆಂಟಿ ಕಂಪನಿ 1947ರಲ್ಲಿ ತಂದ ಈ ಸ್ಕೂಟರನ್ನು ಮುಂಬಯಿಯ ಎಪಿಐ ಸಂಸ್ಥೆ 1950ರ ದಶಕದಿಂದ ಇಲ್ಲಿ ಜೋಡಿಸಿ ಮಾರಿತು. ಇನೊಸೆಂಟಿ ತಯಾರಿಕೆ ನಿಲ್ಲಿಸಿದಾಗ ಅದರ ಯಂತ್ರಗಳನ್ನು ಭಾರತ ಸರಕಾರ ಕೊಂಡು ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿತು. ವಿಜಯ್ ಸೂಪರ್ ಅಲ್ಲಿಯದು. ಆ ಸಂಸ್ಥೆಯನ್ನು ಮುಚ್ಚಲು 2021ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ನೀಡಿತು.

ಗೇರಿಲ್ಲದ ಸ್ಕೂಟರ್ ಮತ್ತು ಹೆಚ್ಚು ಮೈಲೇಜಿನ ಬೈಕುಗಳ ಮುಂದೆ ಚೇತಕ್ ನಿಲ್ಲಲಿಲ್ಲ. ಸ್ಕೂಟರ್ ತಯಾರಿಕೆಯನ್ನೇ ಬಿಡುವುದಾಗಿ ಬಜಾಜ್ 2009ರಲ್ಲಿ ಪ್ರಕಟಿಸಿತು. 2020ರಲ್ಲಿ ಬಂದ ವಿದ್ಯುತ್ ಚೇತಕ್‌ಗೂ ಹಳೆಯದಕ್ಕೂ ಹೆಸರೊಂದೇ ಸಾಮ್ಯ, ಬಿಡಿಭಾಗ ಯಾವುದೂ ಹೊಂದದು.

ಮೊದಲ ಪಾಠ: ಪೆಟ್ರೋಲಿನ ಜೊತೆ ಎಣ್ಣೆ

ಹಳೆಯ ಚೇತಕ್ 145 ಸಿಸಿಯ ಎರಡು ಸ್ಟ್ರೋಕ್ ಇಂಜಿನಿನ ಗಾಡಿ. ಈಗಿನ ಬೈಕಿನಲ್ಲಿ ಇಂಜಿನ್ ಆಯಿಲ್ ಕೆಳಗೆ ಬೇರೆಯಾಗಿ ಇರುತ್ತದೆ. ಇದರಲ್ಲಿ ಹಾಗಿಲ್ಲ. ಪಿಸ್ಟನ್, ಕ್ರ್ಯಾಂಕ್, ಬೇರಿಂಗ್‌ಗೆ ಎಣ್ಣೆ ತಲುಪುವುದು ಪೆಟ್ರೋಲಿನೊಂದಿಗೆ ಮಾತ್ರ. ಈಗಿನ ಹುಡುಗರು ಇದನ್ನು ತಿಳಿಯದೆ ಬರೀ ಪೆಟ್ರೋಲ್ ತುಂಬಿ ಓಡಿಸಿ ಇಂಜಿನ್ ಕಟ್ಟಿಹಾಕಿಕೊಳ್ಳುತ್ತಾರೆ. ಮಿಸ್ತ್ರಿಗಳು ಇದನ್ನು 'ಸೀಜ್ ಆಯ್ತು' ಎನ್ನುತ್ತಾರೆ.

ಒಳ್ಳೆಯ 2ಟಿ ಆಯಿಲ್ ಬಳಸಿದರೆ ವೆಸ್ಪಾ ಮೂಲದ ಚೇತಕ್, ಸೂಪರ್, ಪ್ರಿಯಾಗಳಿಗೆ ಶೇಕಡಾ 2 ಸಾಕು. ಅಂದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ. ಲ್ಯಾಂಬ್ರೆಟಾ ಮೂಲದವಕ್ಕೆ ಶೇಕಡಾ 4. ಗಾಡಿಯ ಕೈಪಿಡಿ ಕೈಯಲ್ಲಿದ್ದರೆ ಅದರಲ್ಲಿರುವ ಪ್ರಮಾಣವೇ ಅಂತಿಮ. ಹೆಚ್ಚಿಗೆ ಇರಲಿ ಎಂದು ಮನಬಂದಂತೆ ಸುರಿದರೆ ಹೊಗೆ ಹೆಚ್ಚುತ್ತದೆ, ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಒಳಗೆ ಕರಿ ಕಟ್ಟುತ್ತದೆ. ಎಣ್ಣೆಯನ್ನು ಟ್ಯಾಂಕಿಗೆ ಹಾಗೇ ಸುರಿಯುವುದಕ್ಕಿಂತ ಸ್ವಲ್ಪ ಪೆಟ್ರೋಲಿನಲ್ಲಿ ಕಲಸಿ ಹಾಕುವುದು ಒಳ್ಳೆಯದು.

ಒಂದು ಎಚ್ಚರಿಕೆ. ಕೊನೆಯ ವರ್ಷಗಳಲ್ಲಿ ನಾಲ್ಕು ಸ್ಟ್ರೋಕಿನ ಚೇತಕ್ ಸಹ ಬಂದಿತ್ತು. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು. ಹಳೆಯ ಗಾಡಿ ಕೊಂಡವರು ತಮ್ಮದು ಯಾವುದು ಎಂದು ಮೊದಲು ಮಿಸ್ತ್ರಿಯಿಂದ ತಿಳಿದುಕೊಳ್ಳಬೇಕು.

ಗೇರ್ ಬಾಕ್ಸಿನ ಎಣ್ಣೆ ಬೇರೆ. ವೆಸ್ಪಾ ಮೂಲದ ಗಾಡಿಗೆ ಎಸ್‌ಎಇ 30 ದರ್ಜೆಯ ಎಣ್ಣೆ ಸುಮಾರು 250 ಮಿ.ಲೀ. ಬೇಕು. ಇದು ತಾನಾಗಿ ಕಡಿಮೆಯಾಗುತ್ತ, ಹೊಗೆ ಬಿಳಿಯಾಗಿ ದಟ್ಟವಾಗುತ್ತ ಬಂದರೆ ಕ್ಲಚ್ ಬದಿಯ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಇಂಜಿನ್ ಗೇರಿನ ಎಣ್ಣೆಯನ್ನು ಒಳಗೆಳೆದು ಸುಡುತ್ತಿರುತ್ತದೆ.

ಎಥೆನಾಲ್ ಬೆರೆತ ಪೆಟ್ರೋಲ್

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಸ್ಕೂಟರ್ ರೂಪಿಸಿದ ಕಾಲದಲ್ಲಿ ಇದು ಇರಲಿಲ್ಲ. ಗಡಿ ಭಾಗದ ಕಬ್ಬಿಗೂ ಎಥೆನಾಲಿಗೂ ಸಂಬಂಧವಿದೆ. ಆದ್ದರಿಂದ ರೈತರಿಗೆ ಇದು ಬೇಡದ ವಸ್ತುವೇನಲ್ಲ. ಆದರೆ ಹಳೆಯ ಗಾಡಿಯವರು ಕೆಲವು ಸಂಗತಿ ತಿಳಿದಿರಬೇಕು.

ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಕಾಕ್‌ನ ವಾಷರು ಇತ್ಯಾದಿಗಳನ್ನು ಹೊಸ ಬಗೆಯ ರಬ್ಬರಿನವಕ್ಕೆ ಬದಲಿಸಬೇಕು. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಮತ್ತು ಎಥೆನಾಲ್ ಒಟ್ಟಾಗಿ ತಳಕ್ಕೆ ಇಳಿಯಬಹುದು. ಬೆರೆಸಿದ 2ಟಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಇಂಜಿನಿಗೆ ಮೊದಲು ಹೋಗುವುದು ತಳದ್ದು, ಅಂದರೆ ಎಣ್ಣೆ ಇಲ್ಲದ್ದು. ಎರಡು ಸ್ಟ್ರೋಕಿಗೆ ಇದು ದೊಡ್ಡ ಅಪಾಯ.

ಹಾಗಾಗಿ ಎರಡು ವಾರದಲ್ಲಿ ಮುಗಿಯುವಷ್ಟೇ ಪೆಟ್ರೋಲ್ ಹಾಕಿಸುವುದು, ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡುವುದು ಒಳ್ಳೆಯದು. ಎಥೆನಾಲ್ ಪೆಟ್ರೋಲಿನಲ್ಲಿ ಇಂಜಿನ್ ಸ್ವಲ್ಪ ಬಡಕಲಾಗಿ, ಅಂದರೆ ಗಾಳಿ ಹೆಚ್ಚು ಇಂಧನ ಕಡಿಮೆ ಎಂಬಂತೆ ಓಡುತ್ತದೆ. ಪ್ಲಗ್ಗಿನ ತುದಿ ಬಿಳಿಚಿಕೊಂಡಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಬೇಕಾಗಬಹುದು.

ಕಿಕ್ ಹೊಡೆದರೂ ಹತ್ತದಿದ್ದರೆ

ಚೇತಕ್ ಇದ್ದ ಮನೆಯಲ್ಲಿ ಬೆಳಗಿನ ಒಂದು ದೃಶ್ಯ ಎಲ್ಲರಿಗೂ ಗೊತ್ತು. ಯಜಮಾನರು ಗಾಡಿಯನ್ನು ಒಂದು ಬದಿಗೆ ವಾಲಿಸಿ, ಮತ್ತೆ ನೆಟ್ಟಗೆ ಮಾಡಿ, ಕಿಕ್ ಹೊಡೆಯುವುದು. ವಾಲಿಸಿದಾಗ ಕಾರ್ಬುರೇಟರಿನ ಫ್ಲೋಟ್ ಸರಿದು ಪೆಟ್ರೋಲ್ ಒಂದಿಷ್ಟು ಹೆಚ್ಚು ಇಳಿಯುತ್ತದೆ. ಆದರೆ ಇದು ದಿನವೂ ಬೇಕಾಗುತ್ತಿದ್ದರೆ ಫ್ಲೋಟಿನ ಸೂಜಿ ಅಥವಾ ಜೆಟ್‌ನಲ್ಲಿ ಕಚರಾ ಕುಳಿತಿದೆ ಎಂದೇ ತಿಳಿಯಬೇಕು. ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿದರೆ ವಾಲಿಸುವ ಕೆಲಸ ತಪ್ಪುತ್ತದೆ. ಜೆಟ್ಟಿನ ತೂತಿಗೆ ತಂತಿ ತೂರಿಸಬಾರದು, ತೂತು ದೊಡ್ಡದಾಗುತ್ತದೆ.

ಗಾಡಿ ಹತ್ತದಿದ್ದಾಗ ಕ್ರಮವಾಗಿ ನೋಡಬೇಕಾದದ್ದು ಇಷ್ಟು:

1. ಪೆಟ್ರೋಲ್ ಕಾಕ್ ತೆರೆದಿದೆಯೇ? ರಿಸರ್ವಿಗೆ ಬಂದಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿಯ ತೂತು ಮುಚ್ಚಿದೆಯೇ?

2. ಪ್ಲಗ್ ಬಿಚ್ಚಿ ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ.

3. ಪ್ಲಗ್ಗನ್ನು ಕ್ಯಾಪಿಗೆ ಹಾಕಿ ಅದರ ಲೋಹವನ್ನು ಇಂಜಿನಿಗೆ ತಾಗಿಸಿ ಕಿಕ್ ಹೊಡೆಯಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಹಿಡಿಯಬೇಕು, ಪೆಟ್ರೋಲಿನ ಆವಿಗೆ ಬೆಂಕಿ ಹತ್ತಬಹುದು. ನೀಲಿ ಕಿಡಿ ಬಂದರೆ ಸರಿ. ಪ್ಲಗ್ಗಿನ ಸಂದು ಸುಮಾರು 0.6 ಮಿ.ಮೀ. ಇರಬೇಕು.

4. ಕಿಡಿ ಇಲ್ಲದಿದ್ದರೆ ಮ್ಯಾಗ್ನೆಟ್ ಒಳಗಿನ ಪಾಯಿಂಟ್ ನೋಡಬೇಕು. ಸಂದು 0.3ರಿಂದ 0.5 ಮಿ.ಮೀ. ನಡುವೆ ಇರಬೇಕು. ಮೈ ಸುಟ್ಟಿದ್ದರೆ ನಯವಾದ ಪಾಲಿಷ್ ಕಾಗದದಿಂದ ಒರೆಸಬೇಕು. ಕಂಡೆನ್ಸರ್ ಹೋಗಿದ್ದರೆ ಬದಲಿಸಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ನಂತರದ ಗಾಡಿಗಳಲ್ಲಿ ಪಾಯಿಂಟ್ ಇರುವುದಿಲ್ಲ.

5. ಪೆಟ್ರೋಲ್, ಕಿಡಿ ಎರಡೂ ಇದ್ದು ಕಿಕ್ ಹಗುರ ಎನಿಸಿದರೆ ರಿಂಗ್, ಬೋರ್ ಸವೆದಿವೆ. ಇದು ಮಿಸ್ತ್ರಿಯ ಕೆಲಸ.

ಓಡಿಸಿದ ಮೇಲೆ ಪ್ಲಗ್ಗಿನ ತುದಿ ಚಹಾದ ಬಣ್ಣಕ್ಕಿದ್ದರೆ ಇಂಜಿನ್ ಆರೋಗ್ಯವಾಗಿದೆ. ಕರ್ರಗೆ ಒದ್ದೆಯಾಗಿದ್ದರೆ ಎಣ್ಣೆ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಬೆಳ್ಳಗಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ.

ರಾತ್ರಿ ಕಾಕ್ ಮುಚ್ಚುವ ಅಭ್ಯಾಸ ಬೇಕು. ತೆರೆದಿಟ್ಟರೆ ಪೆಟ್ರೋಲ್ ಕ್ರ್ಯಾಂಕಿನೊಳಗೆ ಜಿನುಗಿ ಬೆಳಿಗ್ಗೆ ಎಷ್ಟು ಒದ್ದರೂ ಗಾಡಿ ಹತ್ತದು.

ವರ್ಷಗಟ್ಟಲೆ ನಿಂತ ಗಾಡಿ

ಹತ್ತು ವರ್ಷ ನಿಂತ ಗಾಡಿಗೆ ನೇರ ಕಿಕ್ ಹೊಡೆಯಬಾರದು. ಪ್ಲಗ್ ಬಿಚ್ಚಿ ತೂತಿನೊಳಗೆ ನಾಲ್ಕಾರು ಹನಿ 2ಟಿ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಬೇಕು. ಮರುದಿನ ಮ್ಯಾಗ್ನೆಟ್ ಫ್ಯಾನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಹಳೆಯ ಪೆಟ್ರೋಲ್ ಚೆಲ್ಲಿ, ಟ್ಯಾಂಕಿನ ತುಕ್ಕು ತೊಳೆದು, ಕಾರ್ಬುರೇಟರ್ ಶುದ್ಧ ಮಾಡಿ, ಗೇರ್ ಎಣ್ಣೆ ಬದಲಿಸಿದ ಮೇಲೆ ಕಿಕ್ ಹೊಡೆಯಬಹುದು.

ನಿಂತ ಗಾಡಿಯಲ್ಲಿ ಆಯಿಲ್ ಸೀಲುಗಳು ಒಣಗಿರುತ್ತವೆ. ಮ್ಯಾಗ್ನೆಟ್ ಬದಿಯ ಸೀಲ್ ಒಣಗಿದ್ದರೆ ಹೊರಗಿನ ಗಾಳಿ ಒಳಸೇರಿ ಇಂಜಿನ್ ತಾನಾಗಿ ಜೋರು ಓಡುತ್ತದೆ, ಕಾಯುತ್ತದೆ, ಕಡೆಗೆ ಸೀಜ್ ಆಗುತ್ತದೆ. ಎರಡೂ ಸೀಲ್ ಬದಲಿಸದೆ ದೂರದ ಊರಿಗೆ ಹೊರಡಬಾರದು. ಒಳಗೆ ಇಲಿ ಗೂಡು ಕಟ್ಟಿ ವೈರ್ ಕಡಿದಿರುವುದೂ ಉಂಟು.

ಈ ಇಂಜಿನ್ ತಣ್ಣಗಾಗುವುದು ಮ್ಯಾಗ್ನೆಟ್ ಮೇಲಿನ ಫ್ಯಾನಿನ ಗಾಳಿಯಿಂದ. ಸೋಯಾ, ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು, ಧೂಳು, ಎರೆಮಣ್ಣಿನ ಪುಡಿ ಸಿಲಿಂಡರಿನ ರೆಕ್ಕೆಗಳ ನಡುವೆ ಕೂರುತ್ತವೆ. ಸುಗ್ಗಿ ಮುಗಿದ ಮೇಲೆ ಒಮ್ಮೆ ಡಿಕ್ಕಿ ತೆಗೆದು, ತಗಡಿನ ಮುಚ್ಚಳ ಬಿಚ್ಚಿ ರೆಕ್ಕೆಗಳನ್ನು ಶುದ್ಧ ಮಾಡಿದರೆ ಬೇಸಿಗೆಯ ಬಿಸಿಲಿನಲ್ಲಿ ಇಂಜಿನ್ ಉಳಿಯುತ್ತದೆ.

ಕೇಬಲ್, ಚಕ್ರ, ಬ್ರೇಕ್

ಗೇರ್, ಕ್ಲಚ್, ಬ್ರೇಕ್, ಎಕ್ಸಲೇಟರ್ ಎಲ್ಲವೂ ತಂತಿಯ ಮೇಲೆ ನಿಂತಿವೆ. ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಇವೇ. ವರ್ಷಕ್ಕೊಮ್ಮೆ ಎಣ್ಣೆ ಬಿಡಬೇಕು. ಡಿಕ್ಕಿಯಲ್ಲಿ ಒಂದು ಕ್ಲಚ್ ವೈರ್, ಒಂದು ಗೇರ್ ವೈರ್, ಒಂದು ಪ್ಲಗ್, ಪ್ಲಗ್ ಪಾನಾ, ಪಕ್ಕಡ ಇದ್ದರೆ ಸಾಕು.

ಸ್ಟೆಪ್ನಿ ಈ ಗಾಡಿಯ ದೊಡ್ಡ ಅನುಕೂಲ. ಆದರೆ ಚಕ್ರದಲ್ಲಿ ಎರಡು ಬಗೆಯ ನಟ್ಟುಗಳಿವೆ. ಚಕ್ರವನ್ನು ಡ್ರಮ್ಮಿಗೆ ಹಿಡಿದವು ಒಂದು ಬಗೆ, ರಿಮ್ಮಿನ ಎರಡು ಹೋಳುಗಳನ್ನು ಜೋಡಿಸಿದವು ಇನ್ನೊಂದು ಬಗೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಎರಡನೆಯದನ್ನು ಬಿಚ್ಚಿದರೆ ರಿಮ್ ಸಿಡಿದು ಕೈ ಮುಖಕ್ಕೆ ಬಡಿಯುತ್ತದೆ. ಗಾಳಿ ಪೂರ್ತಿ ತೆಗೆಯದೆ ಅವನ್ನು ಮುಟ್ಟಬಾರದು.

ಚೇತಕ್ ಚಕ್ರ 10 ಇಂಚಿನದು, ಹಳೆಯ ಬಜಾಜ್ 150ರದು 8 ಇಂಚಿನದು. ಟೈರ್ ಕೊಳ್ಳುವಾಗ ಅಳತೆ ಬರೆದುಕೊಂಡು ಹೋಗಬೇಕು. ಮುಂದಿನ ಚಕ್ರಕ್ಕೆ ಸುಮಾರು 18, ಒಬ್ಬರೇ ಇದ್ದಾಗ ಹಿಂದಿನದಕ್ಕೆ 25, ಇಬ್ಬರಿದ್ದರೆ 35 ಪೌಂಡ್ ಗಾಳಿ.

ಓಡಿಸುವಾಗ

ಇಂಜಿನ್ ಬಲಬದಿಗೆ ಇರುವುದರಿಂದ ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಬೈಕ್ ಓಡಿಸಿ ರೂಢಿಯಾದವರು ಮೊದಲು ಊರ ಹೊರಗಿನ ಬಯಲಿನಲ್ಲಿ ಅಭ್ಯಾಸ ಮಾಡಬೇಕು. ಚಕ್ರ ಸಣ್ಣದು, ಬ್ರೇಕ್ ಹಳೆಯ ಡ್ರಮ್ಮಿನದು, ಹೆಡ್‌ಲೈಟ್ ಮಂದ. 40-45 ಕಿ.ಮೀ. ವೇಗದಲ್ಲಿ ಓಡಿಸಿದರೆ ಗಾಡಿಗೂ ಒಳ್ಳೆಯದು, ಸವಾರರಿಗೂ ಒಳ್ಳೆಯದು.

ಉಮರ್ಗಾ ಮೂಲಕ ಹಾಯುವ ಸೋಲಾಪುರ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಭಾರಿ ಲಾರಿಗಳ ನಡುವೆ ಈ ಗಾಡಿ ಸಲ್ಲದು. ಸರ್ವಿಸ್ ರಸ್ತೆ ಇದ್ದಲ್ಲಿ ಅದನ್ನೇ ಬಳಸಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಲಿಗಳು ಕತ್ತಲಲ್ಲಿ ಕಾಣುವುದಿಲ್ಲ. ಮಂದ ದೀಪದ ಸ್ಕೂಟರಿನವರು ರಾತ್ರಿ ಪ್ರಯಾಣ ಬಿಡುವುದೇ ಲೇಸು. ಹೆಲ್ಮೆಟ್ ಹಳೆಯ ಗಾಡಿಗೂ ಕಡ್ಡಾಯ.

ಉದ್ದನೆಯ ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪೆಟ್ರೋಲ್ ನಿಲ್ಲುತ್ತದೆ, ಅದರೊಂದಿಗೆ ಎಣ್ಣೆಯೂ ನಿಲ್ಲುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡಬೇಕು. ಓಡುತ್ತಿರುವಾಗ ಇಂಜಿನಿನ ದನಿ ಬಿಗಿಯಾಗಿ ಗಾಡಿ ಎಳೆದಂತಾದರೆ ಕೂಡಲೇ ಕ್ಲಚ್ ಹಿಡಿಯಬೇಕು. ಹಿಡಿಯದಿದ್ದರೆ ಹಿಂದಿನ ಚಕ್ರ ಕಟ್ಟಿಕೊಂಡು ಬೀಳುವ ಅಪಾಯವಿದೆ.

ಗಡಿಯ ಗೊಂದಲ: ಕಾಗದಪತ್ರ

ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಗೆರೆ ಎಳೆದ ಮೇಲೂ ಬೀಗತನ, ಸಂತೆ, ಹೊಲ ಎರಡೂ ಕಡೆ ಉಳಿದವು. ಭಾಲ್ಕಿಯ ಮಾವ ಉದಗೀರದ ಅಳಿಯನಿಗೆ ಗಾಡಿ ಕೊಡುತ್ತಾನೆ, ಬಸವಕಲ್ಯಾಣದ ಗಾಡಿ ಉಮರ್ಗಾದಲ್ಲಿ ಮಾರಾಟವಾಗುತ್ತದೆ. ಗಾಡಿ ಬರುತ್ತದೆ, ಕಾಗದ ಅಲ್ಲೇ ಉಳಿಯುತ್ತದೆ.

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಸಂತೆಗೆ, ಮದುವೆಗೆ ಬಂದು ಹೋಗುವವರಿಗೆ ಇದು ಅನ್ವಯಿಸದು. ಕೆಎ 38 ಬೀದರ, ಕೆಎ 39 ಭಾಲ್ಕಿ ಅಥವಾ ಕೆಎ 56 ಬಸವಕಲ್ಯಾಣದ ಗಾಡಿ ಕೊಂಡು ಮಹಾರಾಷ್ಟ್ರದ ಮನೆಯಲ್ಲಿಟ್ಟವರು ಮೊದಲು ಆ ಆರ್‌ಟಿಒ ಕಚೇರಿಯಿಂದ ನಮೂನೆ 28ರಲ್ಲಿ ಎನ್‌ಒಸಿ ತರಬೇಕು. ಬಳಿಕ ಲಾತೂರಿನ ಎಂಎಚ್ 24 ಅಥವಾ ಧಾರಾಶಿವದ ಎಂಎಚ್ 25, ಹೀಗೆ ತಮ್ಮ ಊರಿಗೆ ಸಂಬಂಧಿಸಿದ ಕಚೇರಿಯಲ್ಲಿ ತೆರಿಗೆ ಕಟ್ಟಿ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಮಹಾರಾಷ್ಟ್ರದ ಗಾಡಿ ಕರ್ನಾಟಕಕ್ಕೆ ಹೋದರೂ ಕ್ರಮ ಇದೇ.

ಗಾಡಿ ಮೃತ ತಂದೆಯ ಹೆಸರಿನಲ್ಲಿದ್ದರೆ? ಮರಣದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕೆಂಬುದು ನಿಯಮ. ಬಹಳ ಮನೆಗಳಲ್ಲಿ ಈ ಕೆಲಸ ಆಗಿರುವುದಿಲ್ಲ. ತಡವಾದಷ್ಟೂ ದಂಡ, ಅಲೆದಾಟ ಹೆಚ್ಚು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ಮಕ್ಕಳ ಒಪ್ಪಿಗೆ ಮೊದಲೇ ಸಿದ್ಧವಿರಲಿ.

ನೋಂದಣಿ 15 ವರ್ಷದವರೆಗೆ. ಅನಂತರ ನಮೂನೆ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ ನವೀಕರಿಸಬೇಕು. ಒಮ್ಮೆ ನವೀಕರಿಸಿದರೆ 5 ವರ್ಷ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 1,000 ರೂ. ಆಯಿತು. ತಡವಾದ ಪ್ರತಿ ತಿಂಗಳಿಗೆ 300 ರೂ. ಹೆಚ್ಚುವರಿ. 2025ರ ಆಗಸ್ಟ್‌ನ ತಿದ್ದುಪಡಿಯಂತೆ 20 ವರ್ಷ ದಾಟಿದ ದ್ವಿಚಕ್ರ ವಾಹನಕ್ಕೆ 2,000 ರೂ. ರಾಜ್ಯದ ಪರಿಸರ ತೆರಿಗೆ ಬೇರೆ. ಹಳೆಯ ಆರ್‌ಸಿ ಪುಸ್ತಕದ ವಿವರ ವಾಹನ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಮೂಲ ಪುಸ್ತಕ ತೋರಿಸಿ ಮೊದಲು ಅದನ್ನು ಸೇರಿಸಬೇಕಾಗುತ್ತದೆ. ಆರ್‌ಸಿ ಪುಸ್ತಕವನ್ನು ಇಲಿ, ಗೆದ್ದಲಿನಿಂದ ಕಾಪಾಡುವುದು ಇಂಜಿನ್ ಕಾಪಾಡಿದಷ್ಟೇ ಮುಖ್ಯ.

2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗಳಿಗೂ ಎರಡೂ ರಾಜ್ಯಗಳು ಎಚ್‌ಎಸ್‌ಆರ್‌ಪಿ ನಂಬರ್ ಫಲಕ ಕಡ್ಡಾಯ ಮಾಡಿವೆ. ಮೂರನೇ ವ್ಯಕ್ತಿಯ ವಿಮೆಯೂ ಬೇಕೇ ಬೇಕು. ಚೇತಕ್ ಬರುವ 75ರಿಂದ 150 ಸಿಸಿ ವರ್ಗಕ್ಕೆ 2022ರಲ್ಲಿ ನಿಗದಿಯಾದ ವಾರ್ಷಿಕ ದರ ತೆರಿಗೆ ಬಿಟ್ಟು 714 ರೂ. ಹೊಗೆ ತಪಾಸಣೆಯಲ್ಲಿ 2000ನೇ ಇಸವಿಗಿಂತ ಮೊದಲಿನ ಎರಡು ಸ್ಟ್ರೋಕ್ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 4.5. ಆ ನಂತರದವಕ್ಕೆ ಶೇ. 3.5. ಎಣ್ಣೆಯ ಪ್ರಮಾಣ ಸರಿಯಿದ್ದು ಕಾರ್ಬುರೇಟರ್ ಶುದ್ಧವಿದ್ದರೆ ಈ ಮಿತಿಯೊಳಗೆ ಬರುವುದು ಕಷ್ಟವಲ್ಲ.

ಎರಡು ತಪ್ಪು ತಿಳಿವಳಿಕೆ

15 ವರ್ಷ ಆದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂಬ ಸುದ್ದಿ ಹಳ್ಳಿಗಳಲ್ಲಿ ಹಬ್ಬಿದೆ. ಆ ವಯಸ್ಸಿನ ನಿರ್ಬಂಧ ಹುಟ್ಟಿದ್ದು ದಿಲ್ಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆ. ಲಾತೂರು, ಧಾರಾಶಿವ, ಬೀದರ ಜಿಲ್ಲೆಗಳಲ್ಲಿ ನವೀಕರಣ, ವಿಮೆ, ಹೊಗೆ ಪ್ರಮಾಣಪತ್ರ ಇದ್ದರೆ ಹಳೆಯ ಸ್ಕೂಟರ್ ಓಡಿಸಬಹುದು. ಈ ಸುದ್ದಿ ನಂಬಿ ಗಾಡಿಯನ್ನು ಕಿಲೋ ಲೆಕ್ಕದಲ್ಲಿ ಮಾರಬೇಕಾಗಿಲ್ಲ.

ಎರಡನೆಯದು ವಿಂಟೇಜ್ ನೋಂದಣಿ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗೆ ವಿಂಟೇಜ್ ಎಂದು 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಹೊಸ ನೋಂದಣಿ ಶುಲ್ಕ 20,000 ರೂ. 1970ರ ದಶಕದ ಮೊದಲ ಚೇತಕ್‌ಗಳು ಈಗ ಆ ವಯಸ್ಸಿಗೆ ಬಂದಿವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಬಿಟ್ಟು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಹೊಲಕ್ಕೆ, ಡೇರಿಗೆ ಹೋಗುವವರಿಗೆ ಸಾಮಾನ್ಯ ನವೀಕರಣವೇ ಸರಿ.

ಉಳಿಸುವುದೋ, ಕೊಡುವುದೋ?

ನಿರ್ಧಾರಕ್ಕೆ ಮೊದಲು ಮಿಸ್ತ್ರಿಯ ಬಳಿಗಲ್ಲ, ಕಾಗದದ ಪೆಟ್ಟಿಗೆಯ ಬಳಿಗೆ ಹೋಗಬೇಕು. ಆರ್‌ಸಿ ಪುಸ್ತಕದಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲಿನ ಅಚ್ಚಿಗೆ ಹೊಂದುತ್ತವೆಯೇ ಎಂದು ನೋಡಬೇಕು. ಸಂತೆಯಲ್ಲಿ ಹಳೆಯ ಸ್ಕೂಟರ್ ಕೊಳ್ಳುವವರೂ ಮೊದಲು ಇದನ್ನೇ ನೋಡಬೇಕು. ಹೊಂದದಿದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೈಬಿಡಬೇಕು.

ಕಾಗದ ಸರಿಯಿದ್ದರೆ ತುಕ್ಕು ನೋಡಬೇಕು. ಈ ಸ್ಕೂಟರಿಗೆ ಬೇರೆ ಚೌಕಟ್ಟಿಲ್ಲ, ತಗಡಿನ ಮೈಯೇ ಚೌಕಟ್ಟು. ಕಾಲಿಡುವ ತಗಡು, ಅದರ ಕೆಳಗಿನ ಅಡ್ಡಪಟ್ಟಿ ತಿಂದುಹೋಗಿದ್ದರೆ ವೆಲ್ಡಿಂಗ್ ಖರ್ಚು ಇಂಜಿನಿಗಿಂತ ಹೆಚ್ಚಾಗುತ್ತದೆ. ಮೈ ಗಟ್ಟಿಯಿದ್ದರೆ ಪಿಸ್ಟನ್, ರಿಂಗ್, ಸೀಲ್, ಪಾಯಿಂಟ್, ವೈರ್ ಯಾವುದೂ ದೊಡ್ಡ ಮಾತಲ್ಲ. ಲಕ್ಷಾಂತರ ಗಾಡಿ ತಯಾರಾಗಿದ್ದರಿಂದ ಬಿಡಿಭಾಗ ಈಗಲೂ ಹುಡುಕಿದರೆ ಸಿಗುತ್ತವೆ.

ಭಂಗಾರಿಗೆ ಕೊಡುವುದೇ ಆದರೆ ಸುಮ್ಮನೆ ತೂಕಕ್ಕೆ ಹಾಕಿ ಬರಬಾರದು. ಗಾಡಿ ನಾಶವಾದುದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಇಲ್ಲದಿದ್ದರೆ ಆ ಚಾಸಿ, ಆ ನಂಬರ್ ಬೇರೆ ಗಾಡಿಗೆ ಅಂಟಿ ಎಲ್ಲೋ ಅಪಘಾತವಾದರೆ ನೋಟಿಸ್ ಬರುವುದು ಹಳೆಯ ಮಾಲೀಕನ ಮನೆಗೆ. ಸರಕಾರದಲ್ಲಿ ನೋಂದಣಿಯಾದ ಗುಜರಿ ಕೇಂದ್ರಕ್ಕೆ ಕೊಟ್ಟರೆ ಪ್ರಮಾಣಪತ್ರ ಸಿಗುತ್ತದೆ.

ಉಳಿಸಿಕೊಳ್ಳುವವರು ಹೆಸರು ವರ್ಗಾವಣೆ, ಎನ್‌ಒಸಿ, ನವೀಕರಣ ಈ ಮೂರನ್ನು ಮೊದಲು ಮುಗಿಸಲಿ. ಆಮೇಲೆ ಲೀಟರಿಗೆ 20 ಮಿ.ಲೀ. ಎಣ್ಣೆ ಮರೆಯದೆ ಹಾಕಿ, ರಾತ್ರಿ ಕಾಕ್ ಮುಚ್ಚಿ, ಸುಗ್ಗಿಯ ನಂತರ ಹೊಟ್ಟು ತೆಗೆದರೆ ಗಾಡಿ ಇನ್ನೂ ಎಷ್ಟೋ ವರ್ಷ ಗಡಿಯ ಎರಡೂ ಕಡೆ ಓಡಾಡಬಲ್ಲದು.